ಹಡಗಿನ ಟಿವಿಯಲ್ಲಿ ಅತ್ತೆಯ ಸಿನಿಮಾ

ಕ್ರೂಸ್‌ಗೆ ಹೊರಟಿದ್ದೀರಾ? ಮಕ್ಕಳ ಈಜುಡುಗೆ, ವಾಂತಿ ಮಾತ್ರೆ, ಸನ್‌ಸ್ಕ್ರೀನ್, ಚಟ್ನಿಪುಡಿ ಪ್ಯಾಕೆಟ್... ಎಲ್ಲಾ ಸೂಟ್‌ಕೇಸ್ ಸೇರಿತಾ? ಹಾಗಿದ್ರೆ ಒಂದೇ ಒಂದು ನಿಮಿಷ ನಿಲ್ಲಿ. ಹಾಲ್‌ನಲ್ಲಿರೋ ಟಿವಿ ಹಿಂದೆ ಸಿಕ್ಕಿಸ್ತೀವಲ್ಲ, ಆ ಕಪ್ಪು ವೈರ್, ಅದನ್ನ ಹಾಕಿಕೊಂಡ್ರಾ?

"ಅಷ್ಟು ದುಡ್ಡು ಕೊಟ್ಟು ಹಡಗಿಗೆ ಹೋಗೋದು ಟಿವಿ ನೋಡೋಕಾ?" ಅಂತ ನೀವು ನಗಬಹುದು. ಹೋಗೋ ಮುಂಚೆ ನಾನೂ ಹಾಗೇ ನಕ್ಕಿದ್ದೆ. ಆದರೆ ವಯಸ್ಸಾದ ಅತ್ತೆಯೋ ಅಮ್ಮನೋ ಜೊತೆಗಿದ್ದರೆ, ಮಂಡಿನೋವು ಅಂತ ಅವರು ಮೆಟ್ಟಿಲು ಹತ್ತಲಾರದಿದ್ದರೆ, ಇಂಗ್ಲಿಷ್ ಬಾರದಿದ್ದರೆ, ಕೋಣೆಯಲ್ಲಿರುವ ಆ ಟಿವಿಯೇ ಅವರ ಕಿಟಕಿ. ನಮ್ಮ ಕೋಣೆಗಂತೂ ನಿಜವಾದ ಕಿಟಕಿಯೇ ಇರಲಿಲ್ಲ. ಕಡಿಮೆ ರೇಟು ಅಂತ ಹಡಗಿನ ಒಳಭಾಗದ ಕೋಣೆ ಬುಕ್ ಮಾಡಿದ್ವಿ ನೋಡಿ!

2024ರ ಮೇ ತಿಂಗಳು, ಮಗನ ಬೇಸಿಗೆ ರಜೆ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರುವ ನಾಲ್ಕು ರಾತ್ರಿಯ ಕ್ರೂಸ್. ನಾನು, ನಮ್ಮವರು, ಹನ್ನೊಂದು ವರ್ಷದ ಮಗ, ಜೊತೆಗೆ ಅತ್ತೆ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಅಲ್ಲಿಂದ ಅತ್ತೆ ಮನೆ ಬಿಟ್ಟು ಎಲ್ಲೂ ಹೋಗಿದ್ದೇ ಇಲ್ಲ. ಮದುವೆ-ಮುಂಜಿಗೂ "ನೀವು ಹೋಗಿ ಬನ್ನಿ" ಅನ್ನೋರು. ಸಂಜೆ ಐದಾದ್ರೆ ಕಾಫಿ, ಆಮೇಲೆ ಟಿವಿ ಮುಂದೆ ಕೂತು ಹಳೇ ಕನ್ನಡ ಸಿನಿಮಾ. ಅದೂ ರಾಜ್‌ಕುಮಾರ್ ಅವರದ್ದೇ ಆಗಬೇಕು. ಹಡಗಿಗೆ ಬನ್ನಿ ಅಂದಾಗಲೂ ಅದೇ ಮಾತು: "ನಾನು ಅಲ್ಲಿ ಕೂತ್ಕೊಂಡು ಏನ್ ಮಾಡ್ಲಿ?" ಒಪ್ಪಿಸೋಕೆ ನಾನು ಒಂದು ಮಾತು ಕೊಟ್ಟೆ. "ಅಲ್ಲೂ ಟಿವಿ ಇದೆ ಅತ್ತೆ. ಸಂಜೆ ನಿಮ್ಮ ಸಿನಿಮಾ ಹಾಕ್ಕೊಡೋ ಜವಾಬ್ದಾರಿ ನಂದು."

ಆ ಮಾತು ಉಳಿಸಿಕೊಳ್ಳೋಕೆ ನಾನು ಪಟ್ಟ ಪಾಡೇ ಈ ಲೇಖನ. ನಾನು ಓದಿದ್ದು ಬಿ.ಎ. ಎಂಜಿನಿಯರಿಂಗ್ ಅಲ್ಲ. ಆದ್ದರಿಂದ ನನಗೆ ಅರ್ಥವಾಗಿದ್ದು ನಿಮಗೂ ಖಂಡಿತ ಅರ್ಥವಾಗುತ್ತೆ, ಹೆದರಬೇಡಿ.

ಹತ್ತುವಾಗಲೇ ಮೊದಲ ಪೆಟ್ಟು

ಹಡಗು ಹತ್ತುವ ಮುನ್ನ ವಿಮಾನ ನಿಲ್ದಾಣದ ಹಾಗೇ ಬ್ಯಾಗುಗಳನ್ನು ಸ್ಕ್ಯಾನ್ ಮಾಡ್ತಾರೆ. ನಮ್ಮ ಬ್ಯಾಗಿನಿಂದ ಮೊದಲು ಹೊರಬಂದದ್ದು ಸ್ಪೈಕ್ ಬಸ್ಟರ್. ನಾಲ್ಕು ಜನ, ಮೂರು ಫೋನು, ಒಂದು ಟ್ಯಾಬ್ಲೆಟ್, ಒಂದು ಲ್ಯಾಪ್‌ಟಾಪ್. ಎಲ್ಲಾ ಒಟ್ಟಿಗೆ ಚಾರ್ಜ್ ಆಗಲಿ ಅಂತ ಜಾಣತನದಿಂದ ಇಟ್ಟಿದ್ದೆ. ಅದನ್ನು ತೆಗೆದಿಟ್ಟು ಚೀಟಿ ಕೊಟ್ಟು, ಇಳಿಯುವ ದಿನ ವಾಪಸ್ ತಗೊಳ್ಳಿ ಅಂದರು. ಅತ್ತೆಯ ಚೀಲದಲ್ಲಿದ್ದ ಊದುಬತ್ತಿ ಪ್ಯಾಕೆಟ್ಟಿಗೂ ಅದೇ ಗತಿ. ಅತ್ತೆ ಮುಖ ನೋಡಬೇಕಿತ್ತು!

ಇದು ಅವರ ಹಟ ಅಂದುಕೊಳ್ಳಬೇಡಿ, ಕಾರಣ ಇದೆ. ನಮ್ಮ ಮನೆಯ ಕರೆಂಟಿನಲ್ಲಿ ಒಂದು ತಂತಿ ಲೈವ್, ಇನ್ನೊಂದು ನ್ಯೂಟ್ರಲ್. ಆ ನ್ಯೂಟ್ರಲ್ಲು ಭೂಮಿಗೆ ಜೋಡಿಸಿರುತ್ತದೆ. ಹಡಗಿನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಎರಡೂ ತಂತಿಗಳಲ್ಲಿ ವಿದ್ಯುತ್ ಇರುತ್ತದೆ. ಸ್ಪೈಕ್ ಬಸ್ಟರ್‌ನೊಳಗೆ ಏರುವೋಲ್ಟೇಜನ್ನು ತಡೆಯುವ ಒಂದು ಭಾಗ ಇರುತ್ತದಲ್ಲ, ಅದು ಇಂಥ ವೈರಿಂಗ್‌ನಲ್ಲಿ ದೋಷ ಕಾಣಿಸಿಕೊಂಡಾಗ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ನಡುಸಮುದ್ರದಲ್ಲಿ ಬೆಂಕಿ ಅಂದರೆ ಎಲ್ಲಿಗೆ ಓಡ್ತೀರಿ, ಹೇಳಿ? ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮೇಣದಬತ್ತಿ ಇವೂ ಬಹುತೇಕ ಕಂಪನಿಗಳ ನಿಷೇಧದ ಪಟ್ಟಿಯಲ್ಲಿವೆ. ಕೆಲವರು ಸಾದಾ ಎಕ್ಸ್‌ಟೆನ್ಷನ್ ವೈರನ್ನೂ, ವೈಫೈ ಹಂಚುವ ಪುಟ್ಟ ರೌಟರನ್ನೂ ಬಿಡುವುದಿಲ್ಲ. ಟಿಕೆಟ್ ಜೊತೆ ಬರುವ ಆ ಪಟ್ಟಿಯನ್ನು ನಾವು ಯಾರೂ ಓದಲ್ಲ, ಅಲ್ವಾ? ಓದಿ.

ಹಾಗಾದರೆ ಚಾರ್ಜಿಂಗ್ ಹೇಗೆ? ನಾಲ್ಕೈದು ಯುಎಸ್‌ಬಿ ತೂತುಗಳಿರುವ, ನೇರವಾಗಿ ಗೋಡೆಗೆ ಸಿಕ್ಕಿಸುವ ಒಂದು ಚಾರ್ಜರ್ ಸಾಕು. ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಎರಡು ಬಗೆ ಸಾಕೆಟ್ ಇರುತ್ತದೆ: ಚಪ್ಪಟೆ ಪಿನ್ನಿನ 110 ವೋಲ್ಟ್ ಅಮೆರಿಕನ್ ಮತ್ತು ದುಂಡನೆ ಎರಡು ಪಿನ್ನಿನ 220 ವೋಲ್ಟ್ ಯುರೋಪಿಯನ್. ನಮ್ಮ ಫೋನ್ ಚಾರ್ಜರಿನ ಎರಡು ದುಂಡು ಪಿನ್ ಯುರೋಪಿಯನ್ ಸಾಕೆಟ್ಟಿಗೆ ಹೋಗುತ್ತದೆ. ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಮಾತ್ರ ಹೋಗಲ್ಲ, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಇದ್ದರೆ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕುವಂತಿಲ್ಲ.

ಮೊದಲು ಟಿವಿ ಹೇಳೋದು ಕೇಳಿ

ಕೋಣೆಗೆ ಕಾಲಿಟ್ಟಾಗ ಟಿವಿ ತಾನಾಗೇ ಓಡ್ತಿತ್ತು. ಲೈಫ್ ಜಾಕೆಟ್ ಹೇಗೆ ಹಾಕೋದು, ಅಪಾಯದ ಗಂಟೆ ಹೇಗೆ ಕೇಳಿಸುತ್ತೆ, ಎಲ್ಲಿ ಹೋಗಿ ಸೇರಬೇಕು ಅಂತ. ಮಗ ಆಗಲೇ ಟಿವಿ ಹಿಂದೆ ಕೈ ಹಾಕಿದ್ದ. "ತಡಿಯೋ, ಅದು ಮುಗೀಲಿ" ಅಂದೆ. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತರಲ್ಲ, ಆಗ ಹೊಸದಾಗಿ ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಈ ತಾಲೀಮು ಇನ್ನೂ ಆಗಿರಲಿಲ್ಲ. ಮೊದಲು ಒಂದು ದಿನದೊಳಗೆ ಮಾಡಿದರಾಯ್ತು ಅನ್ನುವ ನಿಯಮ ಇತ್ತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಲೇಬೇಕು ಅಂತಾಯಿತು. ಅನೇಕ ಹಡಗುಗಳಲ್ಲಿ ಅರ್ಧ ತಾಲೀಮು ಈ ಟಿವಿಯಲ್ಲೇ ಆಗುತ್ತದೆ. ಅದನ್ನು ನೋಡಿದ ಮೇಲೆ, ಸೇರಬೇಕಾದ ಜಾಗಕ್ಕೆ ಹೋಗಿ ಹಾಜರಿ ಹಾಕಿ ಬರಬೇಕು. ಅತ್ತೆಗೆ ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. "ಗಂಟೆ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಬಾರಿಸುತ್ತೆ" ಅಂತ ಅವರು ಇವತ್ತಿಗೂ ನೆನಪಿಟ್ಟುಕೊಂಡಿದ್ದಾರೆ.

ಚಿಕ್ಕ ಕಡ್ಡಿ, ದೊಡ್ಡ ನಿರಾಸೆ

ಇನ್ನು ಅಸಲಿ ಕಥೆ. ಮನೆಯಲ್ಲಿ ನಾವು ಟಿವಿಗೆ ಸಿಕ್ಕಿಸುವ ಸ್ಟಿಕ್ ಇದೆಯಲ್ಲ, ಅದನ್ನೇ ತಗೊಂಡು ಹೋಗಿದ್ದೆ. ಇದೊಂದಿದ್ರೆ ಸಾಕು ಅನ್ನೋ ಧೈರ್ಯ.

ಟಿವಿ ಗೋಡೆಗೆ ಅಂಟಿಕೊಂಡ ಹಾಗಿತ್ತು. ಮಗ ಮೊಬೈಲ್ ಟಾರ್ಚ್ ಹಾಕಿ ಹಿಂದೆ ಇಣುಕಿದ. ಎರಡು ಎಚ್‌ಡಿಎಂಐ ತೂತು. ಒಂದರಲ್ಲಿ ಹಡಗಿನವರದೇ ವೈರ್, ಇನ್ನೊಂದು ಖಾಲಿ. ಇಲ್ಲೊಂದು ಕಿವಿಮಾತು: ಅವರ ವೈರನ್ನು ಕೀಳಲೇಬೇಡಿ. ಅದರಲ್ಲೇ ಹಡಗಿನ ಚಾನೆಲ್, ಸೂಚನೆ, ನಿಮ್ಮ ಖರ್ಚಿನ ಲೆಕ್ಕ ಎಲ್ಲಾ ಬರೋದು. ಖಾಲಿ ಜಾಗ ಇದ್ದರೆ ಮಾತ್ರ ಪ್ರಯತ್ನಿಸಿ. ಟಿವಿಯನ್ನು ಎಳೆದಾಡಿ ಗೋಡೆಯಿಂದ ಕಿತ್ತರೆ ರಜೆಯ ಬಿಲ್ ಜೊತೆ ಟಿವಿ ಬಿಲ್ಲೂ ಬಂದೀತು!

ಕಡ್ಡಿ ಸಿಕ್ಕಿಸಿದ್ದಾಯ್ತು. ರಿಮೋಟ್ ತಗೊಂಡೆ. ಮನೆಯ ರಿಮೋಟಿನಲ್ಲಿ 'ಸೋರ್ಸ್' ಅಥವಾ 'ಇನ್‌ಪುಟ್' ಅಂತ ಒಂದು ಬಟನ್ ಇರುತ್ತದಲ್ಲ, ಇಲ್ಲಿ ಇಲ್ಲವೇ ಇಲ್ಲ. ಟಿವಿಯ ಅಂಚಿನ ಕೆಳಗೆ ಬೆರಳಾಡಿಸಿದರೆ ಒಂದು ಗುಂಡಿ ಸಿಕ್ಕಿತು, ಒತ್ತಿದರೆ ಏನೂ ಆಗಲಿಲ್ಲ. ಹೋಟೆಲ್, ಹಡಗುಗಳಿಗೆ ಹಾಕುವ ಟಿವಿಗಳಲ್ಲಿ 'ಹೋಟೆಲ್ ಮೋಡ್' ಅಂತ ಒಂದು ಬೀಗ ಇರುತ್ತದೆ. ಬಂದುಹೋಗುವ ಅತಿಥಿಗಳು ಸೆಟ್ಟಿಂಗ್ ಕೆಡಿಸಬಾರದು, ಒಬ್ಬರು ಜೋರಾಗಿಟ್ಟ ಸದ್ದು ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅಂತ. ನಾನಾದ್ರೂ ಅದನ್ನೇ ಮಾಡ್ತಿದ್ದೆ ಬಿಡಿ.

ಕೋಣೆ ನೋಡಿಕೊಳ್ಳುವ ಹುಡುಗ ಗೋವಾದವನು. ಹಿಂದಿಯಲ್ಲಿ ಅತ್ತೆಯ ವಿಷಯ ಹೇಳಿದೆ. "ನನ್ನ ಕೈಲಿಲ್ಲ ಮೇಡಂ, ಕೆಳಗೆ ಅತಿಥಿ ಕೌಂಟರ್‌ನಲ್ಲಿ ಕೇಳಿ" ಅಂದ. ಕೇಳಿದ್ವಿ. ಮರುದಿನ ಬೆಳಿಗ್ಗೆ ಒಬ್ಬರು ಬೇರೆ ರಿಮೋಟ್ ತಂದು ಅರ್ಧ ನಿಮಿಷದಲ್ಲಿ ಬದಲಿಸಿಕೊಟ್ಟರು. ಎಲ್ಲಾ ಹಡಗಿನಲ್ಲೂ ಹೀಗೆ ಮಾಡಿಕೊಡ್ತಾರೆ ಅಂತಿಲ್ಲ. ಆದರೆ ಕೇಳೋದಕ್ಕೆ ನಾಚಿಕೆ ಯಾಕೆ? ವಯಸ್ಸಾದವರಿದ್ದಾರೆ, ಮಗು ಇದೆ ಅಂತ ವಿನಯವಾಗಿ ಕೇಳಿದರೆ ಹೆಚ್ಚಿನವರು ಮುಖ ತಿರುಗಿಸಲ್ಲ.

ಸ್ಟಿಕ್ಕಿನ ಪುಟ ಟಿವಿಯಲ್ಲಿ ಬಂತು. ಚಪ್ಪಾಳೆ! ಅಷ್ಟರಲ್ಲಿ 'ವೈಫೈಗೆ ಸೇರಿಸಿ' ಅಂತು. ಅಲ್ಲಿಗೆ ಮುಗೀತು. ಹಡಗಿನ ವೈಫೈಗೆ ದುಡ್ಡು ಕೊಡಬೇಕು, ಅದೂ ಒಂದೊಂದು ಸಾಧನಕ್ಕೆ ಲೆಕ್ಕ. ಒಳಗೆ ಹೋಗಲು ಕೋಣೆ ನಂಬರ್, ಹೆಸರು ಕೇಳುವ ಒಂದು ಪುಟ ತೆರೆದುಕೊಳ್ಳುತ್ತದೆ. ಫೋನಿನಲ್ಲಿ ಅದನ್ನು ತುಂಬಬಹುದು, ಆದರೆ ಎಷ್ಟೋ ಸ್ಟಿಕ್ಕುಗಳಿಗೆ ಆ ಪುಟವನ್ನು ತೆರೆಯಲೇ ಬರಲ್ಲ. ಬ್ರೌಸರ್ ಇರುವ ಕೆಲವಕ್ಕೆ ಬರುತ್ತದೆ. ಬಂದರೂ ಫೋನಿನಿಂದ ಟಿವಿಗೆ 'ಕಾಸ್ಟ್' ಮಾಡೋಣ ಅಂದರೆ ಇನ್ನೊಂದು ತಡೆ. ಒಬ್ಬ ಪ್ರಯಾಣಿಕನ ಫೋನು ಇನ್ನೊಬ್ಬನ ಸಾಧನವನ್ನು ಕಾಣಬಾರದು ಅಂತ ಇಂಥ ಸಾರ್ವಜನಿಕ ವೈಫೈಗಳಲ್ಲಿ ಸಾಮಾನ್ಯವಾಗಿ ಗೋಡೆ ಕಟ್ಟಿರುತ್ತಾರೆ. ಅದು ನಮ್ಮ ಸುರಕ್ಷೆಗೇ. ಇಲ್ಲದಿದ್ದರೆ ಪಕ್ಕದ ಕೋಣೆಯವರು ನಮ್ಮ ಫೋಟೋ ನೋಡಿಬಿಟ್ಟಾರು. 2022ರಿಂದೀಚೆಗೆ ಹಲವು ದೊಡ್ಡ ಹಡಗುಗಳಿಗೆ ಸ್ಟಾರ್‌ಲಿಂಕ್ ಉಪಗ್ರಹದ ಇಂಟರ್‌ನೆಟ್ ಬಂದು ವೇಗವೇನೋ ಹೆಚ್ಚಿದೆ, ಈ ಗೋಡೆಗಳು ಮಾತ್ರ ಹಾಗೇ ಇವೆ. ಹಾಗಾಗಿ ವೈಫೈ ನಂಬಿಕೊಂಡು ಯಾವ ಪ್ಲಾನೂ ಮಾಡಬೇಡಿ.

ಹೇಳೋಕೆ ಮರೆತೆ, ಇಂಥ ಸ್ಟಿಕ್ಕಿಗೆ ಕರೆಂಟ್ ಕೊಡೋಕೆ ಟಿವಿಯದೇ ಯುಎಸ್‌ಬಿ ತೂತು ಸಾಲದೆ ಇರಬಹುದು. ಆನ್ ಆಗಿ ಆಫ್ ಆಗಿ ಆಟ ಆಡಿಸುತ್ತದೆ. ಗೋಡೆಯ ಚಾರ್ಜರಿಗೇ ಹಾಕಿ.

ಫೋನಿನ ವಿಷಯ ಬಂದಾಗ ಇನ್ನೊಂದು. ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇಕಾದರೆ ವೈಫೈ ಮಾತ್ರ ಆನ್ ಮಾಡಿಕೊಳ್ಳಿ. ಸಮುದ್ರದ ಮಧ್ಯೆ ಹಡಗಿಗೇ ಸೇರಿದ ಮೊಬೈಲ್ ಸಿಗ್ನಲ್ ಇರುತ್ತದೆ. ನಾವು ಸಿಂಗಪುರಕ್ಕೆ ಅಂತ ಹಾಕಿಸಿದ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದೇ ಇರಬಹುದು. ಬಿಲ್ ಬಂದಾಗ ತಲೆ ತಿರುಗೋದು ಅಲೆಯಿಂದಲ್ಲ!

ಎಲ್ಲಾ ಟೈಪ್-ಸಿ ಒಂದೇ ಅಲ್ಲ ಕಣ್ರೀ

ಎರಡನೇ ಅಸ್ತ್ರ ತೆಗೆದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಅಡಾಪ್ಟರ್. ಒಂದು ಕಡೆ ಫೋನಿಗೆ ಟೈಪ್-ಸಿ ಪಿನ್, ಇನ್ನೊಂದು ಕಡೆ ಎಚ್‌ಡಿಎಂಐ. ಫೋನಿನಲ್ಲಿರೋದು ಹಾಗೇ ಟಿವಿಗೆ ಹೋಗಬೇಕು. ಹಾಕಿದೆ. 'ನೋ ಸಿಗ್ನಲ್'. ತಿರುಗಿಸಿ ಹಾಕಿದೆ. 'ನೋ ಸಿಗ್ನಲ್'. ನಮ್ಮವರು ಊದಿ ಹಾಕಿದರು. (ಗಂಡಸರಿಗೆ ಯಾವ ಯಂತ್ರ ಕೆಟ್ಟರೂ ಊದೋದೊಂದೇ ಗೊತ್ತು.) ಊಹೂಂ.

ಅಡಾಪ್ಟರಿನದು ತಪ್ಪೇನಿಲ್ಲ, ಅಂಗಡಿಯವನದೂ ಅಲ್ಲ. ನೋಡೋಕೆ ಒಂದೇ ಥರ ಇದ್ದರೂ ಎಲ್ಲಾ ಟೈಪ್-ಸಿ ತೂತಿನಿಂದಲೂ ಚಿತ್ರ ಹೊರಗೆ ಬರಲ್ಲ. ಅದಕ್ಕೆ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಎನ್ನುವ ಸೌಲಭ್ಯ ಫೋನಿನಲ್ಲಿರಬೇಕು. ಕಡಿಮೆ ಮತ್ತು ಮಧ್ಯಮ ಬೆಲೆಯ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಅದಿರುವುದಿಲ್ಲ. ಅವು ಆ ತೂತಿನಿಂದ ಚಾರ್ಜ್ ಆಗುತ್ತವೆ, ಫೈಲ್ ಕಳಿಸುತ್ತವೆ, ಅಷ್ಟೆ. ಸ್ಯಾಮ್‌ಸಂಗ್‌ನ ದುಬಾರಿ ಎಸ್ ಸರಣಿಯ ಫೋನುಗಳಲ್ಲಿ ಇದೆ. ಆಪಲ್ ಫೋನಾದರೆ 2023ರ ಐಫೋನ್ 15ಕ್ಕೆ ಟೈಪ್-ಸಿ ಬಂತು, ಚಿತ್ರವೂ ಬರುತ್ತದೆ. ಅದಕ್ಕಿಂತ ಹಿಂದಿನ ಐಫೋನ್‌ಗಳಿಗೆ ಲೈಟ್ನಿಂಗ್ ಪಿನ್ನಿನ ಬೇರೆಯದೇ ಅಡಾಪ್ಟರ್ ಬೇಕು. ಕೊಳ್ಳುವ ಮುಂಚೆ ನಿಮ್ಮ ಫೋನಿನ ಮಾಡೆಲ್ ಹೆಸರು ಹೇಳಿ, ಅಂಗಡಿಯಲ್ಲೇ ಒಂದು ಟಿವಿಗೆ ಸಿಕ್ಕಿಸಿ ತೋರಿಸೋಕೆ ಹೇಳಿ. ಸೀರೆ ಸೆರಗು ಬಿಚ್ಚಿ ನೋಡದೆ ಕೊಳ್ತೀವಾ? ಇದೂ ಹಾಗೇ.

ಮೂರನೇ ಅಸ್ತ್ರ ನಮ್ಮವರ ಲ್ಯಾಪ್‌ಟಾಪ್. "ರಜೆಯಲ್ಲೂ ಅದ್ಯಾಕ್ರೀ?" ಅಂತ ಬೈದಿದ್ದೆ, ಈಗ ಅದೇ ದೇವರಾಗಿ ಕಂಡಿತು. ಎಚ್‌ಡಿಎಂಐ ವೈರ್ ಹಾಕಿದ್ದೇ ತಡ, ಟಿವಿ ಪೂರ್ತಿ ಅವರ ಆಫೀಸಿನ ಇ-ಮೇಲ್! ಅತ್ತೆ ಕನ್ನಡಕ ಸರಿ ಮಾಡಿಕೊಂಡು, "ಇದೇನೋ, ಇಷ್ಟೊಂದು ಕೆಲಸ ಬಾಕಿ ಇಟ್ಟು ಬಂದಿದೀಯಾ?" ಅಂದರು. ಮಗ ಬಿದ್ದು ಬಿದ್ದು ನಕ್ಕ. ಸಿನಿಮಾ ಇದ್ದದ್ದು ಪೆನ್‌ಡ್ರೈವ್‌ನಲ್ಲಿ. ಸಿಕ್ಕಿಸಿದರೆ, ಕಂಪನಿಯ ಸುರಕ್ಷತಾ ನಿಯಮದ ಪ್ರಕಾರ ಪೆನ್‌ಡ್ರೈವ್ ತೆರೆಯುವಂತಿಲ್ಲ ಅಂತ ಕೆಂಪು ಅಕ್ಷರ. ಆಫೀಸ್ ಲ್ಯಾಪ್‌ಟಾಪ್ ನಂಬಿ ಹೊರಡುವವರು ಇದನ್ನು ನೆನಪಿಡಿ. ಪೆನ್‌ಡ್ರೈವನ್ನು ನೇರ ಟಿವಿಗೇ ಹಾಕಿದ್ವಿ, ಹೋಟೆಲ್ ಮೋಡಿನಲ್ಲಿ ಆ ಬಾಗಿಲಿಗೂ ಬೀಗ.

ಎರಡನೇ ಸಂಜೆ ಐದು ಗಂಟೆ. ಹೊರಗೆ ಈಜುಕೊಳದಲ್ಲಿ ಗದ್ದಲ, ಸಂಜೆ ನಾಟಕಶಾಲೆಯಲ್ಲಿ ದೊಡ್ಡ ಶೋ. ಅತ್ತೆ ಕೈಯಲ್ಲಿ ರಿಮೋಟ್ ಹಿಡಿದು ಒಂದೊಂದೇ ಚಾನೆಲ್ ತಿರುಗಿಸ್ತಿದ್ದರು. ಇಂಗ್ಲಿಷು, ಚೀನೀ, ಮತ್ತೆ ಇಂಗ್ಲಿಷು. ಆಮೇಲೆ ರಿಮೋಟ್ ಪಕ್ಕಕ್ಕಿಟ್ಟು, "ಪರವಾಗಿಲ್ಲ ಬಿಡಮ್ಮ, ನಾನು ಮಲಗ್ತೀನಿ. ನೀವು ಹೋಗಿ ಬನ್ನಿ" ಅಂದರು.

ಅದೇ ಮಾತು. ಮನೆಯಲ್ಲಿ ಹೇಳ್ತಿದ್ದ ಅದೇ 'ನೀವು ಹೋಗಿ ಬನ್ನಿ'. ಅದಕ್ಕಾ ಇಷ್ಟು ದೂರ ಕರ್ಕೊಂಡು ಬಂದದ್ದು ಅನ್ನಿಸಿ ಗಂಟಲು ಕಟ್ಟಿತು.

ದಿಂಬಿಗೆ ಒರಗಿದ ಟ್ಯಾಬ್ಲೆಟ್

ಆಗ ಮಗ ತನ್ನ ಹಳೇ ಟ್ಯಾಬ್ಲೆಟ್ ತಂದ. ಟಿವಿಗೆ ಜೋಡಿಸೋಕೆ ಬರದ ಹಳೇ ಪಿನ್ನಿನದು, ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿದೆ. ಅದರಲ್ಲಿ ಅವನ ಕಾರ್ಟೂನುಗಳ ನಡುವೆ ನಾನು ಯಾವಾಗಲೋ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಒಂದು ರಾಜ್‌ಕುಮಾರ್ ಸಿನಿಮಾ ಇತ್ತು. ತೆರೆಯುತ್ತೋ ಇಲ್ಲವೋ ಅಂತ ಎದೆ ಢವಢವ. ತೆರೆಯಿತು! ಅಪ್ಪ ಮಗ ಇಬ್ಬರನ್ನೂ ಶೋಗೆ ಕಳಿಸಿದೆ. ಟ್ಯಾಬ್ಲೆಟ್ಟನ್ನು ದಿಂಬಿಗೆ ಒರಗಿಸಿ, ಒಂದೇ ಇಯರ್‌ಫೋನಿನ ಒಂದು ತುದಿ ಅತ್ತೆಯ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಹಾಸಿಗೆ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತ್ವಿ. ಹದಿನಾಲ್ಕು ವರ್ಷದಲ್ಲಿ ನಾವಿಬ್ರು ಹಾಗೆ ಕೂತದ್ದೇ ಇಲ್ಲ. ಮನೆಯಲ್ಲಿ ಅವರು ಸಿನಿಮಾ ನೋಡುವಾಗ ನಾನು ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಸ್ತಿರ್ತೀನಿ.

ಅರ್ಧ ಸಿನಿಮಾ ಆದ ಮೇಲೆ ಅತ್ತೆ, "ಇದನ್ನ ನಿಮ್ಮ ಮಾವನ ಜೊತೆ ಶಿವಮೊಗ್ಗದ ಟಾಕೀಸಲ್ಲಿ ನೋಡಿದ್ದೆ. ಮದುವೆಯಾಗಿ ಎರಡು ತಿಂಗಳು. ನಾದಿನಿಯರೂ ಜೊತೆಗೆ. ಇಬ್ಬರೇ ಹೋಗೋದೆಲ್ಲಿ ಬಂತು ಆಗ?" ಅಂದರು. ಸೀಟ್ ಸಿಗದೆ ಮಾವ ಗಂಡಸರ ಕಡೆ, ಅತ್ತೆ ಹೆಂಗಸರ ಕಡೆ. ಇಂಟರ್ವಲ್‌ನಲ್ಲಿ ಮಾವ ಕಡಲೆಕಾಯಿ ಪೊಟ್ಟಣ ಕಳಿಸಿಕೊಟ್ಟರಂತೆ, ಅದನ್ನು ನಾದಿನಿಯರು ಖಾಲಿ ಮಾಡಿದರಂತೆ. ನಾನು ಈ ಕಥೆ ಕೇಳಿಯೇ ಇರಲಿಲ್ಲ. ನಿಜ ಹೇಳಲಾ? ಆ ಟಿವಿ ಕೆಲಸ ಮಾಡಿದ್ದಿದ್ರೆ ಸಿನಿಮಾ ಹಾಕಿಕೊಟ್ಟು ನಾನೂ ಶೋಗೆ ಓಡಿರ್ತಿದ್ದೆ. ಮಾತು ಉಳಿಸಿಕೊಂಡೆ ಅನ್ನೋ ನೆಮ್ಮದಿಯೂ ಇರ್ತಿತ್ತು.

ಮೂರನೇ ದಿನ ಬೆಳಗಿನ ಜಾವ ಎಚ್ಚರವಾದಾಗ ಅತ್ತೆ ಎದ್ದು ಕೂತಿದ್ದರು. ಟಿವಿ ಆನ್ ಆಗಿತ್ತು, ಸದ್ದಿಲ್ಲ. ಹಡಗಿನ ಮುಂಭಾಗದಲ್ಲಿ ಇಟ್ಟಿರುವ ಕ್ಯಾಮೆರಾದ ಚಾನೆಲ್ ಅದು. ಕತ್ತಲ ಸಮುದ್ರ, ದೂರದಲ್ಲಿ ಸಾಲು ದೀಪಗಳು. ಮಲಾಕ್ಕಾ ಜಲಸಂಧಿಯಲ್ಲಿ ಸಾಗುವ ಸರಕು ಹಡಗುಗಳು, ಜಗತ್ತಿನಲ್ಲೇ ಅತಿ ಹೆಚ್ಚು ಹಡಗುಗಳು ಓಡಾಡುವ ದಾರಿಗಳಲ್ಲಿ ಅದೂ ಒಂದು. "ನೋಡೇ, ಜಾತ್ರೆ ಥರಾ ಇದೆ" ಅಂದರು. ಬೆಳಕು ಹರಿಯೋದನ್ನೂ ಅದರಲ್ಲೇ ನೋಡಿದ್ವಿ. ಕಿಟಕಿಯಿಲ್ಲದ ಕೋಣೆ ಬುಕ್ ಮಾಡುವವರು ಮೊದಲ ದಿನವೇ ಈ ಚಾನೆಲ್ ಹುಡುಕಿಡಿ. ಎಲ್ಲಾ ಹಡಗಿನಲ್ಲಿ ಇರದಿದ್ದರೂ ಅನೇಕ ಹಡಗುಗಳಲ್ಲಿ ಇರುತ್ತದೆ. ಅದಕ್ಕೆ ಯಾವ ವೈರೂ ಬೇಡ.

ಮನೆಯಲ್ಲೇ ಒಂದು ರಿಹರ್ಸಲ್

2021ರಲ್ಲಿ ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಕ್ರೂಸ್ ಶುರುವಾದ ಮೇಲೆ ನಮ್ಮ ಕಡೆಯವರೂ ಜಾಸ್ತಿ ಹೊರಡ್ತಿದ್ದಾರೆ. ನಮ್ಮ ಪ್ರವಾಸದ ನಂತರದ ಡಿಸೆಂಬರ್‌ನಲ್ಲಿ ನನ್ನ ತಂಗಿ ಅಪ್ಪ-ಅಮ್ಮನನ್ನು ಕರ್ಕೊಂಡು ಹೊರಟಳು. ನನ್ನ ಪೇಚಾಟವೆಲ್ಲಾ ಕೇಳಿದ್ದಳಲ್ಲ, ಹೊರಡುವ ಹಿಂದಿನ ಭಾನುವಾರ ಮನೆಯಲ್ಲೇ ರಿಹರ್ಸಲ್ ಮಾಡಿದಳು. ವೈಫೈ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಡಗಿನಲ್ಲಿ ಇರೋ ಹಾಗೇ. ಅಷ್ಟರಲ್ಲೇ ಎರಡು ಸಮಸ್ಯೆ ಹೊರಬಿದ್ದವು.

ಒಂದು, ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಸಿನಿಮಾ ಫೋನಿನಲ್ಲಿ ಚೆನ್ನಾಗಿ ಓಡಿತು, ಟಿವಿಗೆ ಜೋಡಿಸಿದರೆ ಕಪ್ಪು ಪರದೆ. ನಕಲು ಮಾಡದಂತೆ ಚಿತ್ರಕ್ಕೆ ಒಂದು ಕಾವಲು ಹಾಕಿರುತ್ತಾರೆ, 'ಎಚ್‌ಡಿಸಿಪಿ' ಅಂತ. ಫೋನು, ಅಡಾಪ್ಟರ್, ಟಿವಿ ಮೂರೂ ಅದಕ್ಕೆ ಒಪ್ಪಿದರೆ ಮಾತ್ರ ಚಿತ್ರ. ಅಗ್ಗದ ಅಡಾಪ್ಟರ್ ಸಾಮಾನ್ಯವಾಗಿ ಇಲ್ಲೇ ಕೈಕೊಡೋದು. ಬೇರೆ ಅಡಾಪ್ಟರ್ ತಂದಳು, ಸರಿಹೋಯ್ತು. ಇಂಥ ಡೌನ್‌ಲೋಡಿಗೆ ಆಯಸ್ಸೂ ಇದೆ ಅನ್ನೋದು ಗೊತ್ತಿರಲಿ. ಎಷ್ಟೋ ಸಿನಿಮಾ ಒಮ್ಮೆ ನೋಡೋಕೆ ಶುರು ಮಾಡಿದರೆ 48 ಗಂಟೆಯಲ್ಲಿ ಮುಗಿಸಬೇಕು. 'ಬರುತ್ತೋ ನೋಡೋಣ' ಅಂತ ಊರಲ್ಲೇ ಐದು ನಿಮಿಷ ಓಡಿಸಿದರೆ ಸಮುದ್ರದ ಮಧ್ಯೆ ಬೀಗ ಬೀಳುತ್ತದೆ. ಪರೀಕ್ಷೆಗೆ ಅಂತ ಬೇರೆ ಏನಾದರೂ ಒಂದನ್ನು ಇಳಿಸಿಕೊಳ್ಳಿ.

ಇನ್ನೊಂದು ಫೋಟೋ. ಅವಳ ಐಫೋನಿನ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಸಿಕ್ಕಿಸಿದರೆ ಒಂದೂ ತೆರೆಯಲಿಲ್ಲ. 2017ರಿಂದ ಐಫೋನ್‌ಗಳು 'ಎಚ್‌ಇಐಸಿ' ಎಂಬ ಹೊಸ ರೂಪದಲ್ಲಿ ಫೋಟೋ ಉಳಿಸುತ್ತವೆ, ಹಳೇ ಟಿವಿಗಳಿಗೆ ಅದು ಅರ್ಥವಾಗಲ್ಲ. ಕ್ಯಾಮೆರಾ ಸೆಟ್ಟಿಂಗ್‌ನ 'ಫಾರ್ಮ್ಯಾಟ್ಸ್'ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಅಂತ ಒತ್ತಿದರೆ ಅಲ್ಲಿಂದ ಮುಂದಿನವು ಮಾಮೂಲಿ ಜೆಪಿಜಿ ಆಗುತ್ತವೆ. ಪೆನ್‌ಡ್ರೈವ್ 'ಫ್ಯಾಟ್ 32' ಮಾದರಿಯದಾದರೆ ಹಳೇ ಟಿವಿಗಳೂ ಓದುತ್ತವೆ. ಆದರೆ ಅದರಲ್ಲಿ ಒಂದೊಂದು ಫೈಲು 4 ಜಿಬಿ ಮೀರುವಂತಿಲ್ಲ, ಭಾರೀ ಸಿನಿಮಾ ಫೈಲು ಹಿಡಿಸಲ್ಲ. ಪೆನ್‌ಡ್ರೈವಿಗೆ ಹಾಕೋದು ನಮ್ಮದೇ ಮದುವೆ ವಿಡಿಯೋ, ಮಗುವಿನ ನಾಮಕರಣ, ಈ ಥರದ್ದಾದರೆ ಕಾವಲು-ಗೀವಲು ಯಾವುದೂ ಅಡ್ಡ ಬರಲ್ಲ. ಅಪ್ಪನಿಗೆ ಹಾಡು ಬೇಕಾಗಿತ್ತು, ತಂಗಿ ಮನೆಯ ಹಳೇ ವಿಡಿಯೋಗಳನ್ನೂ ಸೇರಿಸಿದಳು.

ಅವಳ ಜೊತೆ ಹೋದದ್ದು ಇಷ್ಟು: ಎರಡು ಮೀಟರ್ ಉದ್ದದ ಎಚ್‌ಡಿಎಂಐ ವೈರ್ (ಚಿಕ್ಕದಾದರೆ ಲ್ಯಾಪ್‌ಟಾಪನ್ನು ನೇತು ಹಾಕಬೇಕಾಗುತ್ತದೆ), ಸ್ವಂತ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಅಡಾಪ್ಟರ್, ಹಾಗೂ ಒಂದು ಜ್ಯಾಕಿಗೆ ಎರಡು ಇಯರ್‌ಫೋನ್ ಹಾಕುವ ಸ್ಪ್ಲಿಟರ್. ಕೊನೆಯದಂತೂ ಮರೀಬೇಡಿ. ಹಡಗಿನ ಗೋಡೆ ತೆಳ್ಳಗೆ, ರಾತ್ರಿ ಹತ್ತರ ಮೇಲೆ ನಮ್ಮ ಸಿನಿಮಾದ ಫೈಟಿಂಗ್ ಪಕ್ಕದವರಿಗೂ ಕೇಳಿಸೀತು. ಅವಳ ಮಗ ನಿಂಟೆಂಡೊ ಸ್ವಿಚ್ ತಗೊಂಡಿದ್ದ, ಆದರೆ ಟಿವಿಗೆ ಜೋಡಿಸುವ ಡಾಕ್ ಪೆಟ್ಟಿಗೆ ಮನೆಯಲ್ಲೇ ಬಿಟ್ಟಿದ್ದ. ಬರೀ ವೈರಿನಿಂದ ಅದು ಟಿವಿಗೆ ಬರಲ್ಲ. 'ಸ್ವಿಚ್ ಲೈಟ್' ಅನ್ನೋ ಚಿಕ್ಕದಂತೂ ಡಾಕ್ ಇದ್ದರೂ ಟಿವಿಗೆ ಜೋಡಿಸೋಕಾಗಲ್ಲ. ಒಂದು ದಿನ ಮುಖ ಊದಿಸಿಕೊಂಡಿದ್ದನಂತೆ, ಮರುದಿನ ಈಜುಕೊಳ ಸಿಕ್ಕಿತು, ಮರೆತ.

ಕೋಣೆಯ ಟಿವಿಯೇ ಸ್ಮಾರ್ಟ್ ಟಿವಿಯಾಗಿದ್ದರೆ ನೇರವಾಗಿ ನಿಮ್ಮ ಖಾತೆಗೆ ಲಾಗಿನ್ ಆಗುವ ಆಸೆ ಬರುತ್ತದೆ. ಆದರೆ ಇಳಿಯುವ ದಿನದ ಗಡಿಬಿಡಿಯಲ್ಲಿ ಲಾಗ್‌ಔಟ್ ಮಾಡೋದು ಯಾರಿಗೆ ನೆನಪಿರುತ್ತೆ? ಮುಂದೆ ಬಂದವರು ನಿಮ್ಮ ಹೆಸರಲ್ಲಿ ಏನೇನು ನೋಡ್ತಾರೋ. ಯೋಚಿಸಿ ಮಾಡಿ. ಬದಲಿಸಿದ ಸೋರ್ಸನ್ನೂ ಮೊದಲಿದ್ದ ಹಾಗೇ ಇಟ್ಟು ಹೊರಡಿ. ಇಲ್ಲದಿದ್ದರೆ ಆ ಗೋವಾ ಹುಡುಗನಂಥವನೇ ಯಾರೋ ಅದಕ್ಕೆ ಬೈಸಿಕೊಳ್ತಾನೆ.

ತಂಗಿಯ ಕೋಣೆಯಲ್ಲಿ ಎಲ್ಲಾ ಐದು ನಿಮಿಷದಲ್ಲಿ ಆಯ್ತಂತೆ. ಅಪ್ಪ ಹಾಡು ಹಾಕಿಸಿಕೊಂಡು, ಅಮ್ಮ ಪಕ್ಕದಲ್ಲೇ ನಿದ್ದೆ ಹೊಡೆದರಂತೆ. ನಾನು ಫೋನಿನಲ್ಲಿ ಇದನ್ನೆಲ್ಲಾ ಕೇಳಿ ಅತ್ತೆಗೆ ಹೇಳ್ತಿದ್ದೆ. ಅವರು ಬಟಾಣಿ ಬಿಡಿಸ್ತಾ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಮುಂದಿನ ಸಲ ಹೋಗುವಾಗ ಆ ಎರಡು ಕಿವಿಯ ವೈರ್ ತಗೋ. ಟಿವಿದು ಇದ್ರೆ ಇರಲಿ, ಇಲ್ದಿದ್ರೆ ಬಿಡು" ಅಂದರು.

ಮುಂದಿನ ಸಲ! ನಾನು ತಿರುಗಿ ನೋಡಿದೆ. ಅವರು ಬಟಾಣಿ ಬಟ್ಟಲು ನನ್ನ ಕಡೆ ಸರಿಸಿ, ಐದಾಯ್ತು ಅಂತ ಟಿವಿ ಮುಂದೆ ಹೋಗಿ ಕೂತರು.